ಕಿಡಿ ನೋಡುವ ಕೈ

ನರಸಿಂಹಪ್ಪನನ್ನು ನಮ್ಮ ವರ್ಕ್‌ಶಾಪಿಗೆ ಕರೆತಂದವನು ನಾನು. ಹಾಗಾಗಿ ಆಮೇಲೆ ಆದದ್ದರಲ್ಲಿ ನನ್ನ ಪಾಲನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಅವನು ಜಂಗಮಕೋಟೆಯವನು. ವಯಸ್ಸು ಐವತ್ತಾರು. ಶಿಡ್ಲಘಟ್ಟದ ರಸ್ತೆ ಬದಿಯಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್, ಲಾರಿಗಳ ಬ್ಯಾಟರಿ ರಿಪೇರಿ ಮಾಡಿದವನು. ಮೀಟರನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಬ್ಯಾಟರಿಗೆ ಒಂದು ವೈರು ಬಿಗಿದು, ಇನ್ನೊಂದರ ತುದಿಯನ್ನು ಚಿಟ್ ಚಿಟ್ ಎಂದು ಎರಡು ಸಲ ಮುಟ್ಟಿಸಿ, ಹಾರಿದ ಕಿಡಿ ನೋಡಿಯೇ ಬ್ಯಾಟರಿಯ ಆಯುಸ್ಸು ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಎಷ್ಟೋ ರೈತರು ಹೊಸ ಬ್ಯಾಟರಿ ಕೊಂಡವರು ಸೀದಾ ಅವನ ಹತ್ತಿರ ಬಂದು, ಕಿಡಿ ನೋಡಿಸಿಕೊಂಡೇ ಮನೆಗೆ ಹೋಗುತ್ತಿದ್ದರು.

"ಮೀಟ್ರು ಸುಳ್ಳು ಹೇಳ್ಬೋದು ಸಾರ್, ಕಿಡಿ ಹೇಳಲ್ಲ" ಎನ್ನುತ್ತಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ಇದೇ ವಿದ್ಯುತ್ತಿನ ಪಾಠ ಹೇಳಿ ನಿವೃತ್ತನಾದ ನಾನು, ವರದರಾಜ ಮೇಷ್ಟ್ರು, ಆ ಮಾತಿಗೆ ತಲೆದೂಗುತ್ತಿದ್ದೆ. ಓದಿದವನಿಗೆ ಓದದವನ ಕೈಚಳಕ ಕಂಡರೆ ಒಂದು ಮೋಹ ಇರುತ್ತದೆ. ಆ ಮೋಹ ನನಗೆ ಹೆಚ್ಚೇ ಇತ್ತು.

ಚಿಕ್ಕಬಳ್ಳಾಪುರದಲ್ಲಿ ನಾನು ತೆರೆದ ವರ್ಕ್‌ಶಾಪಿನ ಉದ್ದೇಶ ಇಷ್ಟೆ: ಕರೆಂಟು ಹೋದಾಗಲೂ ರೇಷ್ಮೆ ಹುಳುಮನೆಯ ಫ್ಯಾನು ನಿಲ್ಲಬಾರದು. ಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ನಿಂತರೆ ಗೂಡು ಕಟ್ಟಲು ಹಣ್ಣಾಗಲಿದ್ದ ಹುಳು ತಟ್ಟೆಯಲ್ಲೇ ಕಪ್ಪಾಗುತ್ತದೆ. ಅದಕ್ಕೆ ನಲವತ್ತೆಂಟು ವೋಲ್ಟಿನ ಬ್ಯಾಟರಿ ಸಾಲು, ಅದನ್ನು ಹನ್ನೆರಡಕ್ಕೆ ಇಳಿಸುವ ಕನ್ವರ್ಟರು ಬೇಕು. ಚಿಪ್ ಮಾಡುವ ಕಂಪನಿಯವರು, ಮೊದಲು ಇದರಲ್ಲಿ ಪರೀಕ್ಷೆ ಮಾಡಿ ನೋಡಿ, ಆಮೇಲೆ ನಿಮ್ಮದನ್ನು ಮಾಡಿಕೊಳ್ಳಿ ಎಂದು ಅಂಗೈಯಗಲದ ಮಾದರಿ ಬೋರ್ಡುಗಳನ್ನು ಕೊಡುತ್ತಾರೆ. ಇವ್ಯಾಲ್ಯುಯೇಶನ್ ಬೋರ್ಡ್ ಎನ್ನುತ್ತಾರೆ. ಅಂಥವು ಐದು ತರಿಸಿದೆ.

ಪರೀಕ್ಷೆಯ ಹೊಣೆ ಲಾವಣ್ಯಳದು. ಮಂಚೇನಹಳ್ಳಿಯ ಹುಡುಗಿ, ನನ್ನ ಕೊನೆಯ ಬ್ಯಾಚಿನ ವಿದ್ಯಾರ್ಥಿನಿ. ಅವರ ಮನೆಯಲ್ಲಿ ಡಿಪ್ಲೊಮಾ ಮಾಡಿದವಳು ಅವಳೊಬ್ಬಳೇ. ಆರು ತಿಂಗಳು ಕೆಲಸ ನೋಡಿ ಕಾಯಂ ಮಾಡುತ್ತೇನೆಂದು ಹೇಳಿದ್ದೆ. ಆ ಕಾಯಂ ಎಂಬ ಮಾತನ್ನು ನಂಬಿ ಅವರಪ್ಪ ಊರಿನಲ್ಲಿ ಹತ್ತು ಜನಕ್ಕೆ ಹೇಳಿಕೊಂಡಿದ್ದ. ನರಸಿಂಹಪ್ಪನಿಗೆ ಅವಳೆಂದರೆ ಪ್ರಾಣ. ಮನೆಯಿಂದ ಅವಳಿಗೂ ಸೇರಿಸಿ ಹುರುಳಿ ಸಾರು ತರುತ್ತಿದ್ದ. ವೈರು ಕೂಡಿಸುವ ಹೊತ್ತಿಗೆ ಅವಳು ಅಂಜಿದರೆ, "ಕೊಡಮ್ಮ ಇಲ್ಲಿ, ನಾನ್ ಕನೆಕ್ಷನ್ ಕೊಡ್ತೀನಿ" ಎಂದು ಕೈಯಿಂದ ತೆಗೆದುಕೊಳ್ಳುತ್ತಿದ್ದ.

ಮೊದಲ ಬೋರ್ಡು ಒಂದು ಗಂಟೆಯೂ ಬಾಳಲಿಲ್ಲ. ಮಾಲು ಸರಿಯಿಲ್ಲ ಎಂದುಕೊಂಡೆವು. ಎರಡನೆಯದು ಎರಡು ದಿನ ಓಡಿತು. ಮೂರನೆಯ ದಿನ ಬೆಳಿಗ್ಗೆ ಮತ್ತೆ ಜೋಡಿಸಿದಾಗ ಜೀವ ಬಿಟ್ಟಿತು. ಕಂಪನಿಗೆ ನಾನೊಂದು ಖಾರದ ಕಾಗದ ಬರೆದೆ. ಇಂಥದ್ದು ಬೇರೆಲ್ಲೂ ಆಗಿಲ್ಲ, ನೀವು ಹೇಗೆ ಜೋಡಿಸುತ್ತೀರಿ ಎಂದು ಅವರು ತಣ್ಣಗೆ ಕೇಳಿದರು. ಅವರ ಪ್ರಶ್ನೆ ನನಗೆ ಕೊಬ್ಬಿನ ಹಾಗೆ ಕಂಡಿತು. ಫ್ಯಾನು ಬದಲಿಸಿದೆ, ಬೆಸುಗೆಯನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿದೆ. ಮೂರನೆಯದೂ ಹೋಯಿತು.

ಅದಾದ ಮೇಲೆ, ಪರೀಕ್ಷೆಗೆ ಬ್ಯಾಟರಿಯ ಬದಲು ಬಳಸುತ್ತಿದ್ದ ಪವರ್ ಸಪ್ಲೈ ಡಬ್ಬಿಯ ನೆತ್ತಿಗೆ ಲಾವಣ್ಯ ಒಂದು ಚೀಟಿ ಅಂಟಿಸಿದಳು. ಸಪ್ಲೈಯನ್ನು ಸೊನ್ನೆಗೆ ಇಳಿಸಿ ವೈರು ಜೋಡಿಸಿ, ಆಮೇಲೆ ನಿಧಾನವಾಗಿ ಏರಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಪುಸ್ತಕದ ಮಾತು, ಇರಲಿ ಬಿಡು ಎಂದುಕೊಂಡೆ. ಒಮ್ಮೆ ನನ್ನ ಮೇಜಿನ ಹತ್ತಿರ ಬಂದು, ಜೋಡಿಸುವ ಗಳಿಗೆಯಲ್ಲೇ ಏನೋ ಆಗುತ್ತಿದೆ ಅನ್ನಿಸುತ್ತದೆ ಎಂದು ನೆಲ ನೋಡುತ್ತಾ ಹೇಳಿದಳು. ಜೋಡಿಸುತ್ತಿದ್ದವನು ನರಸಿಂಹಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳ ಮುಖಕ್ಕೇ ಹೇಳಿದೆ. ಅವಳು ತನ್ನ ಮೇಜಿಗೆ ಹಿಂತಿರುಗಿದಳು.

ನಾಲ್ಕನೆಯದು ಹೋದ ದಿನ ಅವಳನ್ನು ಕೆಲಸದಿಂದ ಕಳಿಸಿಬಿಟ್ಟೆ. ಅಜಾಗರೂಕತೆ ಎಂಬ ಪದವನ್ನು ಕಾಗದದಲ್ಲಿ ಬರೆದು ಸಹಿ ಹಾಕಿದೆ. ನರಸಿಂಹಪ್ಪ ಅವಳ ಪರವಾಗಿ ಬಹಳ ಬೇಡಿಕೊಂಡ. ಕೈ ಪಳಗೋಕೆ ವರ್ಷಗಟ್ಟಲೆ ಬೇಕು ಸಾರ್, ಇನ್ನೂ ಮಗು ಎಂದ. ಅವನಿಗೂ ತಪ್ಪು ಅವಳದೇ ಎಂಬ ನಂಬಿಕೆ ಇತ್ತು.

ಮುಂದಿನ ವಾರ ಅವನು ನೆಂಟರ ಮನೆಯ ತಿಥಿಗೆಂದು ಚಿಂತಾಮಣಿಗೆ ಹೋದ. ಉಳಿದಿದ್ದ ಒಂದೇ ಬೋರ್ಡನ್ನು ನಾನೇ ಹಿಡಿದು ಕೂತೆ. ನಿಜ ಹೇಳಬೇಕೆಂದರೆ ಕಿಡಿ ಹಾರುವುದೆಂದರೆ ನನಗೆ ಮೊದಲಿಂದಲೂ ಹೆದರಿಕೆ. ಹಾಗಾಗಿ ಸಪ್ಲೈಯನ್ನು ಸೊನ್ನೆಗಿಳಿಸಿ, ವೈರು ಬಿಗಿದು, ಆಮೇಲೆ ಮೆಲ್ಲಗೆ ಏರಿಸಿದೆ. ಬೋರ್ಡು ಸಂಜೆಯವರೆಗೆ ಓಡಿತು. ನನಗೆ ಬಂದ ಖುಷಿ ಅಷ್ಟಿಷ್ಟಲ್ಲ. ಮರುದಿನ ತಿಥಿ ಮುಗಿಸಿ ಬಂದ ನರಸಿಂಹಪ್ಪನಿಗೆ ತೋರಿಸಿದೆ. ಅವನೂ ಹಿಗ್ಗಿ, "ಕಿಡಿ ಹೆಂಗೈತೆ ನೋಡಣ" ಎಂದು ಸಪ್ಲೈ ಆರಿಸದೆಯೇ ಒಂದು ವೈರು ಬಿಚ್ಚಿದ. ಚಿಟ್ ಚಿಟ್ ಎನ್ನಿಸಿದ. ಫ್ಯಾನು ಮತ್ತೆ ತಿರುಗಲಿಲ್ಲ.

ಮುಂದಿನದು ಪಾಠ ಹೇಳಿದವನಿಗೆ ಹೊಳೆಯಲೇಬೇಕಿತ್ತು, ಹೊಳೆಯಿತು. ಹುಳುವಿಗೆ ಆಸಿಡ್ಡಿನ ವಾಸನೆ ಆಗದು. ಅದಕ್ಕೇ ಹುಳುಮನೆಗಳಲ್ಲಿ ಬ್ಯಾಟರಿಯನ್ನು ಹೊರಗಿಟ್ಟು ಇಪ್ಪತ್ತು ಅಡಿ ವೈರು ಎಳೆಯುತ್ತಾರೆ. ಅದೇ ಉದ್ದದ ವೈರನ್ನು ನಾವು ಪರೀಕ್ಷೆಗೂ ಇಟ್ಟಿದ್ದೆವು. ಖಾಲಿ ಡ್ರಿಪ್ ಪೈಪಿಗೆ ಒಮ್ಮೆಗೇ ನೀರು ಬಿಟ್ಟರೆ ತುದಿಯ ಮುಚ್ಚಳ ಹಾರುತ್ತದಲ್ಲ, ಹಾಗೆ. ಉದ್ದ ವೈರಿನ ತುದಿಯನ್ನು ಕರೆಂಟು ಹರಿಯುತ್ತಿರುವಾಗಲೇ ಮುಟ್ಟಿಸಿದರೆ ಆ ಒಂದು ಕ್ಷಣ ನಲವತ್ತೆಂಟು ವೋಲ್ಟು ಹೆಚ್ಚುಕಡಿಮೆ ಇಮ್ಮಡಿಯಾಗಿ ನುಗ್ಗುತ್ತದೆ. ಅರವತ್ತು ದಾಟಿದರೆ ಬೋರ್ಡಿನ ಚಿಪ್ ಸಾಯುತ್ತದೆ. ಒಮ್ಮೊಮ್ಮೆ ತಡೆದುಕೊಂಡೀತು, ಒಮ್ಮೊಮ್ಮೆ ಇಲ್ಲ. ಟ್ರ್ಯಾಕ್ಟರಿನ ಹಾರ್ನಿಗೂ ದೀಪಕ್ಕೂ ಇದರಿಂದ ಏನೂ ಆಗುವುದಿಲ್ಲ.

ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಪೈಪಿನ ಮಾತು ಅವನಿಗೆ ತಕ್ಷಣ ಅರ್ಥವಾಯಿತು. ತನ್ನ ಹೆಬ್ಬೆರಳಿನ ಸುಟ್ಟ ಕಲೆಗಳನ್ನು ಉಜ್ಜಿಕೊಂಡ.

"ಅಂಗಾದ್ರೆ ಅವೆಲ್ಲಾ ನಾನೇ ಸುಟ್ಟಿದ್ದಾ ಸಾರ್?"

ಭಾನುವಾರ ಇಬ್ಬರೂ ಮಂಚೇನಹಳ್ಳಿಯ ಬಸ್ಸು ಹತ್ತಿದೆವು. ಲಾವಣ್ಯಳ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಅವಳ ಡಿಪ್ಲೊಮಾ. ಅವಳು ಆಗಲೇ ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಸೇರಿದ್ದಳು. ಅವರಪ್ಪ ನನ್ನನ್ನು ಕಂಡು ಎದ್ದು ಹೊರಗೆ ಹೋದ. ನಾನು ತಪ್ಪೊಪ್ಪಿಕೊಂಡೆ, ವಾಪಸು ಬಾ, ಕಾಯಂ ಮಾಡುತ್ತೇನೆ ಎಂದೆ. ಅವಳು ನಮಗೆ ಟೀ ಕೊಟ್ಟು, ಬೇಡ ಸಾರ್ ಎಂದಳು. ಅಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ನರಸಿಂಹಪ್ಪ ಲೋಟ ಕೆಳಗಿಟ್ಟ. "ನಿಂಗೆ ಗೊತ್ತಿತ್ತೇನಮ್ಮ?"

"ಮೂರನೇದು ಹೋದಾಗ ಅನುಮಾನ ಬಂತು ದೊಡ್ಡಪ್ಪ."

"ನಂಗೊಂದ್ ಮಾತು ಹೇಳ್ಬಾರ್ದಿತ್ತೇನಮ್ಮ?"

"ನಿಮ್ ಕೈಗೆ ಹೆಂಗ್ ಹೇಳ್ಲಿ? ಚೀಟಿ ಬರ್ದು ಅಂಟಿಸ್ದೆ. ಕನ್ನಡದಲ್ಲಿ ಬರೆದ್ರೆ ನಿಮಗೆ ನೋವಾಗುತ್ತೆ ಅಂತ ಇಂಗ್ಲಿಷ್‌ನಲ್ಲಿ ಬರ್ದೆ. ಸಾರ್ ಓದ್ತಾರಲ್ಲ, ಅವ್ರೇ ನಿಮಗೆ ನಿಧಾನಕ್ಕೆ ಹೇಳ್ತಾರೆ ಅಂದ್ಕೊಂಡೆ."

ಅಷ್ಟು ಸಣ್ಣವನಾದೆ ಎಂದು ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

ವಾಪಸು ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನರಸಿಂಹಪ್ಪ ಹಿಂದೆ ಹೋಗಿ ಕೂತ. ಚಿಕ್ಕಬಳ್ಳಾಪುರದಲ್ಲಿ ಇಳಿದ ಮೇಲೆ ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತಾ ಒಂದೇ ಒಂದು ಮಾತು ಕೇಳಿದ.

"ಆ ಚೀಟಿ ನೀವು ಓದಿದ್ರಾ ಸಾರ್?"

"ದಿನಾ ಓದ್ತಿದ್ದೆ" ಎಂದೆ.

ಅವನು ತಲೆಯಾಡಿಸಿ ಬಸ್ಸು ಹತ್ತಿದ. ಸೋಮವಾರ ಕೆಲಸಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ.