ಔಷಧಿಗೆ ಗುರುತು ಸಿಗದ ಹುಳು

ಶಿಡ್ಲಘಟ್ಟದ ಕಡೆ ನಮ್ಮಲ್ಲಿ ಒಂದು ರೂಢಿ ಇದೆ. ತೋಟಕ್ಕೆ ಔಷಧಿ ಹೊಡೆಯುವ ಮುಂಚೆ ಪಕ್ಕದ ಹಿಪ್ಪುನೇರಳೆ ತೋಟದವರಿಗೆ ಒಂದು ಮಾತು ಹೇಳಬೇಕು. ಅವರು ರೇಷ್ಮೆ ಹುಳುಗಳಿಗೆ ಬೇಕಾದ ಸೊಪ್ಪನ್ನು ಮೊದಲೇ ಕೊಯ್ದಿಟ್ಟುಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಒಂದು ಸಂಜೆ ನಮ್ಮ ಟೊಮೆಟೊಗೆ ಕಾಯಿಕೊರಕ ಬಿದ್ದಿದ್ದು ಕಂಡು, ಕ್ಯಾನು ಬೆನ್ನಿಗೇರಿಸಿ ಹೊಡೆದುಬಿಟ್ಟೆ. ಗಾಳಿ ಪಕ್ಕದ ಸೊಪ್ಪಿನ ಕಡೆಗೇ ಬೀಸುತ್ತಿತ್ತು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಮರೆತೆ. ಮರೆತೆ ಅನ್ನುವುದೂ ಅರ್ಧ ಸುಳ್ಳು. ಹೇಳಿದರೆ ಪಕ್ಕದ ತೋಟದ ದೊಡ್ಡಮ್ಮ ರೇಗುತ್ತಾರೆಂದು ಗೊತ್ತಿತ್ತು.

ನನ್ನ ಗ್ರಹಚಾರ, ಅಂದೇ ತರಗತಿಯಲ್ಲಿ ಕೀಟಗಳ ಪಾಠ. ಗೊತ್ತಿರುವ ಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಗೆ ಕೀಟಗಳದ್ದೇ ಎಂದೆ. ನಾವು ಬೈಯುವ ಕಾಯಿಕೊರಕವೂ ನಾವು ಕೈಮುಗಿಯುವ ರೇಷ್ಮೆ ಹುಳುವೂ ಒಂದೇ ಬಳಗ, ಎರಡೂ ಪತಂಗದ ಮರಿಗಳು ಎಂದೆ. ಒಂದು ಹೇಗೋ ಬದುಕಿಕೊಳ್ಳುತ್ತದೆ. ಇನ್ನೊಂದು ಸಾವಿರಾರು ವರ್ಷ ಮನುಷ್ಯನ ಕೈತುತ್ತು ತಿಂದು, ರೆಕ್ಕೆ ಬಂದರೂ ಹಾರಲಾರದು. ಹಾಗೆ ಹೇಳುತ್ತಿರುವಾಗಲೇ ಹಿಂದಿನ ಸಂಜೆಯ ಗಾಳಿ ನೆನಪಾಯಿತು. ಔಷಧಿಗೆ ಇವೆರಡರ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

ಸಂಜೆ ಬಂದಾಗ ದೊಡ್ಡಮ್ಮ ಹುಳುವಿನ ಮನೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ನಾಲ್ಕನೇ ಜ್ವರ ಎದ್ದ ಹುಳ, ಮೇಷ್ಟ್ರೇ. ಗೂಡು ಕಟ್ಟೋಕೆ ಇನ್ನೊಂದ್ ವಾರ ಇತ್ತು. ಎಲ್ಲ ಹಸಿರು ಕಕ್ಕೊಂಡು ಬಿದ್ದೋದ್ವು!"

ಪೊರೆ ಬಿಡುವುದನ್ನು ನಮ್ಮವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿಸಿದ್ದು ದೊಡ್ಡಮ್ಮನ ಸೊಸೆ. ಅವಳು ಗೋಡೆಗೊರಗಿ ಅಳುತ್ತಿದ್ದಳು.

"ಹೊರಗಾಗಿರೋಳು ಒಳಗೆ ಕಾಲಿಟ್ಟವ್ಳೆ. ಇನ್ನೇನಾಗುತ್ತೆ?" ಎಂದರು ದೊಡ್ಡಮ್ಮ.

ಸೊಸೆ ನನ್ನ ಕಡೆ ತಿರುಗಿದಳು. "ಮುಟ್ಟಾದ್ರೆ ಹುಳ ಸಾಯ್ತವಾ? ನೀವು ಓದಿದೋರು, ಅತ್ತೆಗೆ ಹೇಳಿ ಸಾರ್."

"ಅದೆಲ್ಲ ಸುಳ್ಳು ದೊಡ್ಡಮ್ಮ," ಎಂದೆ.

"ಮತ್ತೆ ಯಾಕಪ್ಪ ಸತ್ವು?"

ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಹವಾ ಸರಿಯಿಲ್ಲ," ಎಂದೆ. ಮಾನ ಹೋಗುತ್ತದೆಂಬ ಭಯ. ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಮುಂದಿನ ರೇಷ್ಮೆ ಬೆಳೆಯ ಹೊತ್ತಿನಲ್ಲಿ ಪಾಪಪ್ರಜ್ಞೆಯಿಂದ ನಾನು ಒಂದು ಹನಿ ಔಷಧಿಯನ್ನೂ ಹೊಡೆಯಲಿಲ್ಲ. ಟೊಮೆಟೊ ಹಾಳಾದರೆ ಹಾಳಾಗಲಿ, ಇದೇ ನನ್ನ ಪ್ರಾಯಶ್ಚಿತ್ತ ಅಂದುಕೊಂಡೆ. ಸೊಸೆಯನ್ನು ದೊಡ್ಡಮ್ಮ ಇಡೀ ಬೆಳೆ ಹುಳುವಿನ ಮನೆಯ ಹೊಸ್ತಿಲು ದಾಟಗೊಡಲಿಲ್ಲ. ಅವಳು ಹೊರಗೇ ನಿಂತು ಸೊಪ್ಪಿನ ಕಂತೆ ಎತ್ತಿಕೊಡುತ್ತಿದ್ದಳು. ಹುಳುಗಳು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳ ತುಂಬ ಬೆಳ್ಳನೆಯ ಗೂಡು ಕಟ್ಟಿದವು.

ದೊಡ್ಡಮ್ಮ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. "ನೋಡಪ್ಪ, ಅವಳು ಒಳಗೆ ಬರ್ಲಿಲ್ಲ. ಹೆಂಗೆ ಬೆಳೆದವೆ ನೋಡು!"

ಹೊರಗೆ ಬಂದಾಗ ಸೊಸೆ ಹೊಸ್ತಿಲಾಚೆ ಹಾಗೆಯೇ ನಿಂತಿದ್ದಳು. ಈ ಸಲ ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅತ್ತೆ ಹೇಳಿದ್ದೇ ನಿಜ ಸಾರ್," ಎಂದಳು. "ಅಷ್ಟೂ ಹುಳ ನಾನೇ ಸಾಯಿಸ್ದೆ."