ಡಂಪ್ ಫೈಲ್ ಅಳಿಸಿದ ಅಮಾವಾಸ್ಯೆ

ಗೆಳೆಯರೇ, ಇವತ್ತು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಪ್ರೋಗ್ರಾಂ ಮತ್ತೆ ಕ್ರ್ಯಾಶ್ ಆಗಿ, ಭತ್ತದ ಟ್ರ್ಯಾಕ್ಟರುಗಳು ರಸ್ತೆವರೆಗೆ ನಿಂತಿದ್ದವು. ಹೀಗಾದಾಗಲೆಲ್ಲ ಕಂಪ್ಯೂಟರ್ ಕಾರಣ ತಿಳಿಸುವ ಒಂದು ಡಂಪ್ ಫೈಲ್ ಉಳಿಸಿಡುತ್ತದೆ. ದುರಸ್ತಿಗೆ ಹೋದ ನಾನು ಅದನ್ನು ಹುಡುಕಲು ಕಮಾಂಡ್ ಕೊಟ್ಟೆ. ಒಂದೂ ಸಿಗಲಿಲ್ಲ.

"ಇವತ್ತು ಅಮಾಸಿ ಅಲ್ರೀ ಸರ," ಎಂದರು ಮ್ಯಾನೇಜರ್. "ನೀವು ಬರೋದ್ರಾಗ ಮಷೀನೆಲ್ಲ ಒರಸಿ ಪೂಜಿ ಮಾಡಿದ್ವಿ. ಕಂಪ್ಯೂಟರಿನ್ಯಾಗಿನ ಕ್ರ್ಯಾಶ್ ಫೈಲೂ ಅಳಿಸಿಬಿಟ್ವಿ."

"ಅವೇ ಬೇಕಾಗಿದ್ವು ನನಗ!"

"ಅದಕ್ಕೇನ್ರೀ, ಸಂಜಿತನಕ ಕುಂದರ್ರಿ. ಇನ್ನೊಂದೆರಡು ಸಲ ಬಂದ್ ಆಗೇ ಆಗ್ತೈತಿ."

ಪ್ರೋಗ್ರಾಂ ಮತ್ತೆ ಚಾಲೂ ಮಾಡಿ ಕುಳಿತೆ. ಅದು ಒಮ್ಮೆಯೂ ನಿಲ್ಲಲಿಲ್ಲ. ಟ್ರ್ಯಾಕ್ಟರುಗಳೆಲ್ಲ ತೂಕ ಮುಗಿಸಿ ಹೋದವು. ನನ್ನ ವರದಿಯಲ್ಲಿ 'ಮಾಡಿದ ದುರಸ್ತಿ' ಎಂಬಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಮ್ಯಾನೇಜರೇ ಪೆನ್ನು ತೆಗೆದುಕೊಂಡು 'ಪೂಜೆ' ಎಂದು ಬರೆದು ಸೀಲು ಒತ್ತಿದರು.