ಪುಟದ ಕೊನೆಯ ಸಾಲು

ಮೊನ್ನೆ ಕಾರವಾರದಲ್ಲಿ, ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂದ ಹಾಳೆಯ ವಾಸನೆಗೆ ಅಕ್ಕ ನೆನಪಾದರು... ಅಂಕೋಲೆಯಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅವರ ಡಿಟಿಪಿ ಅಂಗಡಿಯಿತ್ತು. ನನ್ನ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ.

ಕದ್ದ ಸಾಫ್ಟ್‌ವೇರ್ ಬೇಡವೆಂದು ಅವರು ಹಳೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಂಡರು. ಹಾಕಿಕೊಟ್ಟವಳು ನಾನೇ, ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಆಮೇಲೆ ಶುರುವಾಯಿತು ಫಜೀತಿ. ಮಾಜಾಳಿಯಿಂದಲೋ ಅಗಸೂರಿನಿಂದಲೋ ಬಂದವರ ಫೈಲು ತೆರೆದರೆ, ಅದು ಕೇಳುವ ಫಾಂಟ್ ನಮ್ಮಲ್ಲಿಲ್ಲ. ಬೇರೆ ಅಗಲದ ಅಕ್ಷರ ಬಂದು ಕೂತು, ಒಂದೇ ಪುಟದ ಬರಹ ಎರಡನೇ ಪುಟಕ್ಕೆ ಜಾರುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸಿ ಎದುರಂಗಡಿಗೆ ಹೋಗತೊಡಗಿದರು. ಅಕ್ಕನ ಹೊಟ್ಟೆಪಾಡೇ ಆ ಅಂಗಡಿ. ಮೊದಲಿದ್ದದ್ದನ್ನೇ ಮತ್ತೆ ಹಾಕಿಕೊಡಲೇ ಎಂದು ಕೇಳಿದೆ.

"ಎಂತದೂ ಬೇಡ. ನೀ ಸಮಾ ಮಾಡೇ, ನಾ ಕಾಯ್ತೆ."

ಅದೇ ಅಗಲದ ಮುಕ್ತ ಫಾಂಟನ್ನು ಯಾರೋ ಪುಣ್ಯಾತ್ಮರು ಆಗಲೇ ಮಾಡಿಟ್ಟಿದ್ದರು. ಅದನ್ನು ಯಾರು ಬೇಕಾದರೂ ಲಿನಕ್ಸಿಗೆ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡಿ, ಇಲ್ಲದ ಫಾಂಟಿನ ಹೆಸರು ಕರೆದಾಗ ಇದು ಓಗೊಡುವಂತೆ ಮಾಡಬೇಕಿತ್ತು. ಮೀನುಪೇಟೆಯಲ್ಲಿ ಒಬ್ಬಳು ಚಹಾಕ್ಕೆ ಎದ್ದರೆ ಪಕ್ಕದವಳು ಅವಳ ಬುಟ್ಟಿ ನೋಡಿಕೊಳ್ಳುವ ಹಾಗೆ. ಪರೀಕ್ಷೆಗೆ, ಆ ಮೂಲ ಫಾಂಟಿನಲ್ಲೇ ಬುಡದವರೆಗೂ ತುಂಬಿದ ಒಂದು ಪುಟ ಬೇಕಾಯಿತು. ಅಕ್ಕ ಒಂಚೂರೂ ಸಂಕೋಚವಿಲ್ಲದೆ, ಆ ಫಾಂಟ್ ಇದ್ದ ಎದುರಂಗಡಿಗೇ ಹೋಗಿ ಟೈಪ್ ಮಾಡಿಕೊಂಡು ಬಂದರು. ಕೊನೆಯ ಸಾಲು: "ಸಾಕೇ, ಊಟಕ್ಕೆ ಏಳು."

ಆ ಸಾಲು ಎರಡನೇ ಪುಟಕ್ಕೆ ಜಾರಿದಾಗಲೆಲ್ಲ ನಾನು ಮತ್ತೆ ತಿದ್ದಲು ಕೂರುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಅದು ಮೊದಲ ಪುಟದ ಬುಡದಲ್ಲೇ ನಿಂತಿತು. ನಾನು ಕುಣಿದಾಡುವುದೊಂದು ಬಾಕಿ.

"ಬರ್ದದ್ದು ಕಾಣುದಿಲ್ವೇನೇ? ಏಳು!" ಎಂದು ಗದರಿಸಿ ಅಕ್ಕ ಬಂಗಡೆ ಸಾರು ಬಡಿಸಿದರು.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಇಂಟರ್ನೆಟ್ಟಿಗೆ ಹಾಕಿದ್ದ ಆ ಪ್ಯಾಕೇಜ್ ನೋಡಿದವರೇ ಮುಂದೆ ನನಗೆ ಕೆಲಸ ಕೊಟ್ಟರು. ತಮ್ಮ ಅಂಗಡಿಯನ್ನೇ ಪಣಕ್ಕಿಟ್ಟು ಅಕ್ಕ ಅಂದು ಕಾಯದಿದ್ದರೆ... ಇವತ್ತು ನಾನು ಉಣ್ಣುವ ಅನ್ನದಲ್ಲಿ ಅವರ ಋಣವಿದೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಪ್ಯಾಕೇಜನ್ನು ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಅದರ ಹೊಸ ಆವೃತ್ತಿ ಹೊರಬಿಡುವ ಮೊದಲು ಅದೇ ಪುಟ ಮುದ್ರಿಸುತ್ತೇನೆ. ಮೊನ್ನೆ ಬಂದದ್ದೂ ಅದೇ. ಸಾಲುಗಳೆಲ್ಲ ತಂತಮ್ಮ ಜಾಗದಲ್ಲಿದ್ದವು, ಬುಡದಲ್ಲಿ ಅಕ್ಕನದು. ಓದುತ್ತಿದ್ದಂತೆ ಕಣ್ಣು ತುಂಬಿಬಂತು. ಗದರಿಸುವವರಿಲ್ಲ, ಬಡಿಸುವವರೂ ಇಲ್ಲ. ಕಂಪ್ಯೂಟರ್ ಆರಿಸಿ, ಊಟಕ್ಕೆ ಎದ್ದೆ.